ತಗಡಿನ ಆಚೆ

"ಇವತ್ತೇ ಬಿಚ್ಚಿ ಸಾರ್, ಅಂಗಡಿ ಮುಚ್ಚಿ ಹದಿನಾಲ್ಕು ದಿನ ಆಯ್ತು," ಎಂದು ಟೈಲರ್ ಮುನಿರಾಜು ಪಾಲಿಕೆ ಅಧಿಕಾರಿಯ ಮುಂದೆ ಅಂಗಲಾಚಿದ. "ನಮ್ಮನೇಲಿ ವಯಸ್ಸಾದೋರಿದಾರೆ, ಇನ್ನೊಂದು ವಾರ ಇರ್ಲಿ," ಎಂದು ಅದೇ ಬೀದಿಯ ಕಾಂತರಾಜು ಅಡ್ಡ ನಿಂತ. ಕೊರೊನಾ ಬಂತೆಂದು ಮಲ್ಲತ್ತಹಳ್ಳಿಯ ಆ ಬೀದಿಯ ತುದಿಗೆ ಆಳೆತ್ತರದ ತಗಡು ಹೊಡೆದಿದ್ದರು. ಬಿಚ್ಚುವವರು ಸುತ್ತಿಗೆ ಹಿಡಿದು ಕಾಯುತ್ತಿದ್ದರು.

ತಗಡಿನ ಈಚೆ ಯಶೋದಮ್ಮನ ಮನೆ, ಆಚೆಗೇ ಅವಳ ಮಗಳು ಕವನಾಳ ಗಂಡನ ಮನೆ. ಕವನಾ ಹೆತ್ತು ಹನ್ನೊಂದು ದಿನವಾಗಿದ್ದರೂ ಯಶೋದಮ್ಮ ಮೊಮ್ಮಗಳನ್ನು ಮುಟ್ಟಿರಲಿಲ್ಲ. ಅಳು ಮಾತ್ರ ಕೇಳಿದ್ದಳು. ದಿನವೂ "ತೆಗೀರಿ" ಎಂದು ಜಗಳವಾಡಿದವಳು ಇವತ್ತು ಸುಮ್ಮನಿದ್ದಳು.

"ನೀವಾದ್ರೂ ಹೇಳಿ ಯಶೋದಮ್ಮ," ಎಂದ ಮುನಿರಾಜು.

ಅವಳು ಸೆರಗಿನಿಂದ ಬಾಯಿ ಮುಚ್ಚಿ ಎರಡು ಹೆಜ್ಜೆ ಹಿಂದೆ ಸರಿದಳು. "ಬಿಚ್ಬೇಡಿ ಸಾರ್. ಬೆಳಿಗ್ಗೆಯಿಂದ ನಂಗೆ ಜ್ವರ."

ಅಧಿಕಾರಿ ಸುತ್ತಿಗೆಯವರಿಗೆ ವಾಪಸ್ ಹೋಗಲು ಸನ್ನೆ ಮಾಡಿದ. ಮುನಿರಾಜು ತಲೆ ತಗ್ಗಿಸಿ ಮನೆ ಕಡೆ ನಡೆದ. ಆಚೆಯಿಂದ ಕವನಾಳ ದನಿ ಬಂತು: "ಅಮ್ಮಾ, ಬಿಚ್ತಾ ಇದಾರಾ?"

ಯಶೋದಮ್ಮ ಗಂಟಲು ಸರಿಮಾಡಿಕೊಂಡಳು. "ಇಲ್ಲ ಕಣೇ. ಮಗೂಗೆ ನೀನೇ ನೀರು ಹಾಕು. ನೆತ್ತಿಗೆ ಎಣ್ಣೆ ಮೆತ್ತಗೆ ಹಚ್ಚು, ಒತ್ಬೇಡ."