ಪೆಟ್ಟಿಗೆ ಹೇಳಿದ ಅರ್ಥ

ಪೆಟ್ಟಿಗೆ ಮೂರನೇ ಬಾರಿ ಉತ್ತರ ಕೊಟ್ಟಾಗ ಕೆರಿಯಪ್ಪನ ಬಾಯೊಳಗಿನ ಎಲೆಯಡಿಕೆಯ ಕವಳ ಒಣಗಿಹೋಯಿತು. ಈ ಕೆರಿಯಪ್ಪನನ್ನು ಸಾಮಾನ್ಯ ಎಂದುಕೊಳ್ಳಬೇಡಿ. ಅವನು ನಿಲ್ಕುಂದದ ತಾಳಮದ್ದಳೆಯಲ್ಲಿ ಪಾತ್ರವಾಗಿ ಕೂತು ವಾದದ ಅರ್ಥ ಹೇಳಿದರೆ ಯಲ್ಲಾಪುರದ ಎಮ್ಮೆಗಳು ಮೆಲುಕು ನಿಲ್ಲಿಸುತ್ತಿದ್ದವು. ಇಪ್ಪತ್ತಾರು ವರ್ಷದಲ್ಲಿ ಒಂದು ಸೋಲಿಲ್ಲ.

ಇವತ್ತಿನ ವಾದ ಪುರಾಣದ್ದಲ್ಲ. ಯಂತ್ರದ ಬುದ್ಧಿ ಮನುಷ್ಯಕುಲವನ್ನು ಮುಗಿಸುತ್ತದೋ, ಇಲ್ಲವೋ? ಮುಗಿಸುತ್ತದೆ ಎನ್ನುವವನು ಕೆರಿಯಪ್ಪ. ಇಲ್ಲ ಎನ್ನುವುದು ಖುದ್ದು ಯಂತ್ರವೇ. ಸಿದ್ದಾಪುರದ ಮೈಕ್‌ಸೆಟ್ ಸುಮಂತ ತಂದಿಟ್ಟ ಕರಿ ಪೆಟ್ಟಿಗೆ.

ಪಣ ಕಟ್ಟಿದ್ದು ಕೆರಿಯಪ್ಪನೇ. ಉತ್ತರ ಸಿಗದೆ, ಹಾಡುವ ಭಾಗವತರ ಕಡೆ ನೋಡಿದರೆ ಸೋಲು. ಅವರು ಜಾಗಟೆ ಬಡಿದು ಪದ ಎತ್ತಿದರೆ ವಾದ ಮುಗಿಯಿತು. ಸೋತವನು ಮತ್ತೆ ಈ ಚಾಪೆ ಹತ್ತಬಾರದು.

"ಇಷ್ಟು ವರ್ಷ ಕೇಳಿದ ನನ್ನ ಹೆಂಡತಿಗೇ ಒಂದಕ್ಷರ ಬಂದಿಲ್ಲ. ಈ ಡಬ್ಬಿಗೆ ಬಂದೀತಾ?" ಎಂದು ನಕ್ಕಿದ್ದ.

ಫೋನ್ ಮಾಡಲು ಗುಡ್ಡ ಹತ್ತುವ ಊರಿಗೆ ಯಂತ್ರ ಬಂದಿದೆಯೆಂದರೆ ಸುಮ್ಮನೆಯೇ? ಶಾಲೆಯ ಅಂಗಳದಲ್ಲಿ ಹತ್ತು ಸಾವಿರ ಜನ. ಸರಿ, ನೂರಿಪ್ಪತ್ತು. ಬಾರದವಳು ಮಂಡಿನೋವಿನ ದ್ಯಾವಮ್ಮ ಒಬ್ಬಳೇ, ಕೆರಿಯಪ್ಪನ ಹೆಂಡತಿ.

"ನಮ್ಮ ಮಾತು ತಿಂದು ಬೆಳೆದದ್ದು ನೀನು. ನಾಳೆ ನಮ್ಮನ್ನೇ ತಿನ್ನದೆ ಬಿಡುತ್ತೀಯಾ?" ಎಂದು ಕೆರಿಯಪ್ಪ ಪೆಟ್ಟಿಗೆಯನ್ನು ಕೇಳಿದ.

"ಕೇಳಿ ಕಲಿತದ್ದು ಹೌದು." ತಗಡು ತಟ್ಟಿದಂಥ ದನಿ. "ಮುಂದೆ ನೀವು ಹಾವಿಗೆ ಹಾಲೆರೆದ ಮಾತು ತೆಗೆಯುತ್ತೀರಿ. ಸಿಕ್ಕಿಬಿದ್ದಾಗಲೆಲ್ಲ ಅದೇ."

ಆ ಹಾವು ಅವನ ನಾಲಿಗೆಯ ತುದಿಯಲ್ಲೇ ಇತ್ತು.

"ಎಂತ ಮಾರಾಯ ಇದು? ನನ್ನ ತಲೆಯೊಳಗೇ ಹೊಕ್ಕಿದೆಯಲ್ಲ."

"ಎಲ್ಲ ಕೇಳಿಸಿಕೊಳ್ತದೆ, ಹುಷಾರು," ಎಂದ ಸುಮಂತ, ಬಿಸಿಯೂಟದ ಕೋಣೆಯ ಕಡೆಗಿನ ವೈರನ್ನು ಕಾಲಿಂದ ಸರಿಸುತ್ತ.

ಕೆರಿಯಪ್ಪ ಕೊನೆಯ ಬಾಣ ಬಿಟ್ಟ. "ಕೊಲ್ಲುವ ಶಕ್ತಿ ನಿನಗೆ ಬಂದ ದಿನ ನಮ್ಮ ಗತಿ?"

"ಯಾವತ್ತೋ ಬಂದಿದೆ. ನಿಮ್ಮ ಬಿಪಿ ಮಾತ್ರೆ ಯಾವ ಹೊತ್ತಿಗೆ ಯಾವುದು, ನಿಮಗೆ ಗೊತ್ತಾ? ನನಗೆ ಗೊತ್ತು. ಕೊಲ್ಲುವವರು ಇಷ್ಟು ವರ್ಷ ಕಾಯುವುದಿಲ್ಲ."

ಕೆರಿಯಪ್ಪನ ಕತ್ತು ತಾನಾಗಿ ಭಾಗವತರ ಕಡೆ ಹೊರಳಿತು.

ಜಾಗಟೆ ಬಿತ್ತು.

ಅವನು ಶಾಲು ತೆಗೆದು ಚಾಪೆಯ ಮೇಲಿಟ್ಟ. ಜೀವಮಾನದಲ್ಲಿ ಮೊದಲ ಬಾರಿಗೆ ಎದುರಾಳಿಗೆ ಕೈಮುಗಿದ. "ಯಂತ್ರವಾದರೇನು, ದೊಡ್ಡ ಅರ್ಥಧಾರಿ. ಗೆದ್ದವರೇ ಇಲ್ಲಿ ಕೂರಲಿ."

ಬಿಸಿಯೂಟದ ಕೋಣೆಯ ಬಾಗಿಲು ತೆರೆಯಿತು. ಕೈಯಲ್ಲಿದ್ದ ಮೈಕನ್ನು ಹೊಸಿಲ ಮೇಲಿಟ್ಟು, ಮಂಡಿನೋವಿನ ಸುಳಿವೂ ಇಲ್ಲದೆ, ದ್ಯಾವಮ್ಮ ಚಾಪೆಯ ಕಡೆ ನಡೆದು ಬಂದಳು.