ಹೊಳೆದದ್ದು ಯಾರಿಗೆ

ಮೊಬೈಲ್‌ನಲ್ಲಿ ಮೋಹನ್‌ಬಾಬುವಿನ ಹೆಸರು ಕಂಡದ್ದೇ ಶಾಂಭವಿ ಈ ಸಲವೂ ಕರೆ ಕತ್ತರಿಸಿದಳು. ಉಂಡ ಮನೆಗೆ ಎರಡು ಬಗೆದವನ ಜೊತೆ ಎಂಥ ಮಾತು?

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಯಂತ್ರಗಳ ರಿಪೇರಿ ಅಂಗಡಿ ಅವನದು. ಅವಳು ಅತ್ತೆಗೆಂದು ಯೋಚಿಸಿ ಮಾಡಿದ ಮಾತ್ರೆ ಡಬ್ಬಿಗೆ ಮೊದಲ ವೈರು ಜೋಡಿಸಿಕೊಟ್ಟವನೂ ಅವನೇ. ಈಗ ಅದೇ ಡಬ್ಬಿಯ ಪೇಟೆಂಟ್ ಅರ್ಜಿಗೆ ತಕರಾರು ಹಾಕಿದ್ದ: ಇದು ಕಸುಬು ಬಲ್ಲ ಯಾರಿಗಾದರೂ ಹೊಳೆಯುವಂಥದ್ದು.

ಯಾರಿಗಾದರೂ ಅಂತೆ. ಅತ್ತೆ ಗೋದಮ್ಮ ಮರೆವಿನಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ಮತ್ತೆ ಮತ್ತೆ ನುಂಗಿ ಆಸ್ಪತ್ರೆ ಸೇರಿದ್ದಾಗ ಯಾರಿಗೂ ಏನೂ ಹೊಳೆದಿರಲಿಲ್ಲ.

ತಕರಾರಿನ ವಿಚಾರಣೆ ವಿಡಿಯೊದಲ್ಲಿ. ಚಿಕ್ಕಬಳ್ಳಾಪುರದ ಮನೆಯಲ್ಲಿ ಗಂಡ ವಿವೇಕ್ ಲ್ಯಾಪ್‌ಟಾಪ್ ಮುಂದೆ ಕುಳಿತ.

"ನೀನು ಒಳಗಿರು ಕಣೇ. ಅರ್ಜಿ ಗಿರ್ಜಿ ಎಲ್ಲ ನಾನೇ ನೋಡ್ಕೊಂಡಿದೀನಿ, ಮಾತೂ ನಾನೇ ಆಡ್ತೀನಿ."

ಅವನ ಕಾಳಜಿಗೆ ಅವಳ ಮನಸ್ಸು ತುಂಬಿ ಬಂತು. ಅಡುಗೆಮನೆಯ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು.

ಅದೃಷ್ಟಕ್ಕೆ ಪೇಟೆಂಟ್ ಕಚೇರಿಯ ಅಧಿಕಾರಿಗೆ ಕನ್ನಡ ಬರುತ್ತಿತ್ತು. "ಬೀಗದ ಡಬ್ಬಿ ಹಳೇದು. ತೂಕ ನೋಡೋ ಯಂತ್ರವೂ ಹಳೇದು. ಎರಡನ್ನೂ ಸೇರಿಸೋದು ಅಷ್ಟು ಕಷ್ಟವೇ?"

ವಿವೇಕ್ ಸೆನ್ಸರ್ ಬಗ್ಗೆ ಏನೋ ಹೇಳಿದ.

"ನಂದು ಒಂದೇ ಪ್ರಶ್ನೆ ಸಾರ್," ಎಂದ ಮೋಹನ್‌ಬಾಬು. "ನೀರಿನ ಲೋಟದ ತೂಕ ನೋಡಬೇಕು ಅಂತ ಹೊಳೆದಿದ್ದು ಹೆಂಗೆ? ಅದನ್ನ ಹೇಳ್ಲಿ."

ವಿವೇಕ್ ತಡವರಿಸಿದ. ಶಾಂಭವಿಗೆ ತಡೆಯಲಾಗಲಿಲ್ಲ. ನೇರ ಬಂದು ಕ್ಯಾಮೆರಾ ಮುಂದೆ ನಿಂತಳು.

"ನಾನು ಹೇಳ್ತೀನಿ ಸಾರ್. ನಮ್ಮತ್ತೆ ಮಾತ್ರೆ ಮರೀತಾರೆ, ಹೊತ್ತು ಮರೀತಾರೆ. ಆದ್ರೆ ಲೋಟಕ್ಕೆ ನೀರು ತುಂಬ್ಕೊಳ್ದೆ ಮಾತ್ರೆಗೆ ಕೈ ಹಾಕಲ್ಲ. ಎಷ್ಟೋ ದಿನ ಅವರ ಹಿಂದೇನೇ ಸುತ್ತಿ ಅದನ್ನ ಕಂಡ್ಕೊಂಡೆ. ತುಂಬಿದ ಲೋಟ ಇಟ್ರೆ ಡಬ್ಬಿ ತೆರೀಬೇಕು. ಖಾಲಿ ಲೋಟ ವಾಪಸ್ ಬಂತೋ, ಮುಂದಿನ ಹೊತ್ತಿನ ತನಕ ಬೀಗ. ಮರೆವು ಇರೋರನ್ನ ನೋಡ್ಕೊಳ್ದೇ ಇರೋರಿಗೆ ಇದು ಹೆಂಗೆ ಹೊಳೀತದೆ?"

ಅಧಿಕಾರಿ ಕನ್ನಡಕ ತೆಗೆದರು. "ನಿಜ. ಇದು ಯಾರಿಗಾದರೂ ಹೊಳೆಯುವಂಥದ್ದಲ್ಲ."

ಶಾಂಭವಿ ಪರದೆಯಲ್ಲಿದ್ದ ಮೋಹನ್‌ಬಾಬುವನ್ನು ಗೆದ್ದವಳಂತೆ ನೋಡಿದಳು. ಸೋತವನ ಮುಖದಲ್ಲಿ ನೆಮ್ಮದಿಯಿತ್ತು. ಪಕ್ಕದಲ್ಲಿ ವಿವೇಕ್ ಲ್ಯಾಪ್‌ಟಾಪ್ ಮುಚ್ಚಲು ಕೈ ಚಾಚಿದ್ದ.

"ಒಂದು ನಿಮಿಷ," ಎಂದರು ಅಧಿಕಾರಿ. "ಅರ್ಜಿಯಲ್ಲಿ ಇದನ್ನು ಕಂಡುಹಿಡಿದವರು ವಿವೇಕ್ ಒಬ್ಬರೇ ಅಂತ ಇದೆ. ನೀವು ಯಾರಮ್ಮ?"

ಅವಳು ವಿವೇಕ್ ಕಡೆ ತಿರುಗಿದಳು. ಉತ್ತರ ಬಂದದ್ದು ಶಿಡ್ಲಘಟ್ಟದಿಂದ.

"ಅರ್ಜಿಲಿ ನಿಮ್ಮ ಹೆಸರೇ ಇಲ್ಲ ಅಂತ ನಾನು ಬರೀ ಬಾಯಲ್ಲಿ ಹೇಳಿದ್ರೆ ನೀವು ನಂಬ್ತಿರ್ಲಿಲ್ಲ ಅಕ್ಕ. ಅದಕ್ಕೇ ತಕರಾರು ಹಾಕ್ದೆ."