ಅಡುಗೆಮನೆಯ ಹಗ್ಗ

ಕಬ್ಬಿನ ಹಾಲಿನಲ್ಲಿ ಕಲಸಿದ ಹಿಟ್ಟು ಬೇಯುವ ವಾಸನೆ ಬಂದರೆ ಸಿದ್ದಾಪುರದ ಆ ಹಳೇ ಮನೆ ಈಗಲೂ ನೆನಪಾಗುತ್ತದೆ.

ಅದನ್ನು ವಸ್ತುಸಂಗ್ರಹಾಲಯ ಮಾಡಿದ್ದರು. ಹಿಂದಿನವರ ಬದುಕು ತೋರಿಸುವ ದಿನ, ತೊಡದೇವು ಮಾಡಲು ನನ್ನ ಅಜ್ಜಿಯನ್ನು ಕರೆದಿದ್ದರು. ಒಲೆಯ ಮೇಲೆ ಬೋರಲು ಹಾಕಿದ ಗಡಿಗೆಯ ಮೇಲೆ ಅಜ್ಜಿ ಹಿಟ್ಟಿನಲ್ಲಿ ಅದ್ದಿದ ಬಟ್ಟೆ ಎಳೆದಳು. ಕಾಗದದಷ್ಟು ತೆಳುವಾದ ತಿಂಡಿ ಎದ್ದುಬಂತು. ಅಡುಗೆಮನೆಯ ಬಾಗಿಲಿಗೆ ಕಟ್ಟಿದ ಹಗ್ಗದಾಚೆ ಜನ ನಿಂತು ನೋಡುತ್ತಿದ್ದರು.

"ಅವ್ರನ್ನ ಒಳಗೆ ಕರಿ ತಮಾ," ಎಂದಳು ಅಜ್ಜಿ, ಸಂಗ್ರಹಾಲಯದ ಮೇಲ್ವಿಚಾರಕನಿಗೆ.

"ಇದು ನೋಡೋಕೆ ಮಾತ್ರ, ಅಮ್ಮಾ."

"ಬಂದವ್ರನ್ನ ಹೊರಗೆ ನಿಲ್ಸಿ ಎಂತ ತಿಂಡಿ ಮಾಡದು? ಆನು ಒಲೆ ಆರಿಸ್ತೆ."

ಅವನು ಹಗ್ಗ ಬಿಚ್ಚಿದ. ಅಜ್ಜಿ ತೊಡದೇವಿನ ತಟ್ಟೆಯನ್ನು ಅವನ ಕೈಗೇ ಕೊಟ್ಟಳು. "ಈಗ ಈ ಮನೆಯವ ನೀನೇ ಅಲ್ದಾ? ನೀನೇ ಕೊಡು."

ಅವನು ಒಂದು ಕ್ಷಣ ತಟ್ಟೆ ನೋಡಿದ. ಆಮೇಲೆ ಬಾಗಿಲಿಗೆ ಹೋಗಿ, "ಬನ್ನಿ, ಒಳಗೆ ಬನ್ನಿ," ಎಂದ.